ಒಂದೇ ಗೋಡೆ, ಎರಡು ಕಿಂಡಿ

ನನಗೊಂದು ವಿಚಿತ್ರ ಚಟವಿದೆ. ಎಲ್ಲೇ ಒಂದು ಕಿಂಡಿ ಕಂಡರೂ, ಅದರೊಳಗೆ ಏನನ್ನಾದರೂ ಹಾಕುವ ಮುನ್ನ ಅದರ ನೆತ್ತಿಯನ್ನು ಬೆರಳಿನಿಂದ ಸವರಿ ನೋಡುತ್ತೇನೆ. ಟಪಾಲು ಡಬ್ಬಿಯಾದರೂ ಅಷ್ಟೆ, ಬ್ಯಾಂಕಿನ ಚೆಕ್ಕಿನ ಪೆಟ್ಟಿಗೆಯಾದರೂ ಅಷ್ಟೆ. ಮೊನ್ನೆ ವಿಜಯನಗರದಲ್ಲಿ ಎಟಿಎಮ್ಮಿನ ಮುಂದೆ ನಿಂತು, ಕಾರ್ಡು ತೂರಿಸುವ ಜಾಗದ ಮೇಲೆ ಹೀಗೇ ಬೆರಳಾಡಿಸುತ್ತಿದ್ದೆ. ಜೊತೆಗಿದ್ದ ಮೊಮ್ಮಗ ಮೆಲ್ಲಗೆ, "ಅಜ್ಜಿ, ಪೂಜೆ ಆಯ್ತಾ? ಹಿಂದೆ ಜನ ಕಾಯ್ತಾ ಇದಾರೆ" ಅಂದ. ನಾನು ಗಂಭೀರವಾಗಿ, "ಇದು ಯಾವ ಕಿಂಡಿ ಅಂತ ನೋಡ್ತಾ ಇದ್ದೆ ಕಣೋ" ಅಂದೆ. ಅವನು ಅಂದಿನಿಂದ ನನ್ನನ್ನು ಎಟಿಎಮ್ಮಿಗೆ ಕರೆದುಕೊಂಡು ಹೋಗುವುದನ್ನೇ ಬಿಟ್ಟಿದ್ದಾನೆ.

ತಪ್ಪು ನನ್ನದಲ್ಲ ಸ್ವಾಮಿ, ನಮ್ಮೂರಿನ ಅಂಚೆಮನೆಯದು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೂ ಈಗ ನಿಮಗೆ ಅಲ್ಲಿ ಸಿಗುವುದು ಮೂರನೇ ಅಡ್ಡರಸ್ತೆ, ಏಳನೇ ಮುಖ್ಯರಸ್ತೆ, ಅಷ್ಟೆ. ನಾನು ಹತ್ತು ವರ್ಷದವಳಾಗಿದ್ದಾಗ, ಅಂದರೆ ಐವತ್ತರ ದಶಕದಲ್ಲಿ, ಅದು ಕೆಂಗೇರಿಯಿಂದ ಎತ್ತಿನ ಗಾಡಿಯಲ್ಲಿ ಅರ್ಧ ಗಂಟೆ ದೂರದ ಊರು. ಸುತ್ತ ರಾಗಿ ಹೊಲ, ಒಂದು ಕೆರೆ, ಒಂದು ಮಾವಿನ ತೋಪು. ಈ ಬಡತನದ ನಡುವೆ ಯಾವುದೋ ರಾಜಧಾನಿಗೆ ಹೋಗಬೇಕಿದ್ದದ್ದು ದಾರಿ ತಪ್ಪಿ ಬಂದಂತೆ ನಿಂತಿತ್ತು ನಮ್ಮ ಅಂಚೆಮನೆ.

ಅದೇನು ಅಂಚೆಮನೆಯಾಗಿಯೇ ಹುಟ್ಟಿದ್ದಲ್ಲ. ದಾರಿಹೋಕರಿಗೆಂದು ಯಾರೋ ಪುಣ್ಯಾತ್ಮರು ಹಿಂದಿನ ಕಾಲದಲ್ಲಿ ಕಟ್ಟಿಸಿದ ಕಲ್ಲಿನ ಛತ್ರ. ದಾರಿಹೋಕರು ಬೇರೆ ದಾರಿ ಹಿಡಿದ ಮೇಲೆ ಅದನ್ನು ಮಧ್ಯಕ್ಕೆ ಗೋಡೆ ಎತ್ತಿ ಎರಡು ಭಾಗ ಮಾಡಿದರಂತೆ. ಬಲಗಡೆ ಆಂಜನೇಯ, ಎಡಗಡೆ ಅಂಚೆ. ಸೂರು ಒಂದೇ, ಜಗಲಿ ಒಂದೇ. ಆ ಉದ್ದನೆಯ ಜಗಲಿಗೆ ಆರು ಕಂಬ. ಗೋಡೆಗಳು ಎಷ್ಟು ದಪ್ಪವೆಂದರೆ ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚದೆ ಅಡ್ಡಡ್ಡ ಮಲಗಬಹುದಿತ್ತು. ಮಲಗುತ್ತಲೂ ಇದ್ದೆ. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿಗೆ ಕೆನ್ನೆ ಇಟ್ಟರೆ ಆಗತಾನೇ ಬಾವಿಯಿಂದ ಸೇದಿದ ನೀರಿನ ತಂಪು.

ಗೋಡೆಯ ಗಾರೆಯ ಬಗ್ಗೆ ಊರಲ್ಲಿ ಒಂದು ಮಾತಿತ್ತು. ಸುಣ್ಣಕ್ಕೆ ಬೆಲ್ಲದ ನೀರು, ಅಳಲೆಕಾಯಿ ಕಷಾಯ, ಜೊತೆಗೆ ಗಾಡಿಗಟ್ಟಲೆ ಕೋಳಿಮೊಟ್ಟೆ ಹಾಕಿ ಅರೆದಿದ್ದರು, ಅದಕ್ಕೇ ಅದು ಕನ್ನಡಿಯ ಹಾಗೆ ಹೊಳೆಯುತ್ತದೆ ಎಂದು. ಇದನ್ನು ಯಾರೋ ಪುಣ್ಯವಂತರು ನಮ್ಮ ಪೋಸ್ಟ್ ಮಾಸ್ಟರ್ ರಾಯರ ಕಿವಿಗೂ ಹಾಕಿದ್ದರು. ರಾಯರು ಬಹಳ ಮಡಿವಂತರು. ಮೊಟ್ಟೆಯ ಸುದ್ದಿ ಕೇಳಿದ ದಿನದಿಂದ ಅವರು ಆ ಗೋಡೆಗೆ ಬೆನ್ನು ತಾಗಿಸಲಿಲ್ಲ. ಹದಿನಾರು ವರ್ಷ ಒರಗದೆ ಕುಳಿತು ಕೆಲಸ ಮಾಡಿದ ಕಾರಣ ಅವರ ಬೆನ್ನು ಅಂಚೆಮನೆಯ ಏಳನೇ ಕಂಬದ ಹಾಗೆ ನೆಟ್ಟಗಿತ್ತು.

ಕಂಬ ಅಂದೆ, ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಗುಡಿಯ ಕಡೆಯ ಕಂಬಗಳಲ್ಲಿ ಹನುಮಂತನಿದ್ದ: ಒಂದರಲ್ಲಿ ಸಂಜೀವಿನಿ ಪರ್ವತ ಹೊತ್ತವನು, ಒಂದರಲ್ಲಿ ಬಾಲ ಎತ್ತಿದವನು. ಅಂಚೆಯ ಕಡೆಯ ಕಂಬದಲ್ಲಿ ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿರುವ ಹಳೇ ಕಾಲದ ಅಂಚೆಯಾಳು, ಅಂಚೆ ಬಂದ ಮೇಲೆ ಕಡೆಸಿದ್ದು. ಊರಿನ ಹೆಂಗಸರು ಇವನಿಗೂ ತಪ್ಪದೆ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದರು. ಇದು ಹನುಮಂತನಲ್ಲ, ಬಾಲ ಇಲ್ಲ ನೋಡಿ ಎಂದು ನಾನು ಒಮ್ಮೆ ಜಾಣತನ ತೋರಿಸಿದ್ದಕ್ಕೆ ರಾಯರು ಅಂಚೆಮನೆಯ ಜಾಲರಿ ಕಿಟಕಿಯ ಹಿಂದಿನಿಂದ, "ಬಾಲ ಇಲ್ದಿದ್ರೇನಮ್ಮ? ಲಂಕೆಗೆ ಉಂಗುರ ತಲುಪಿಸಿದ್ದು ಯಾರು? ಅದು ರಿಜಿಸ್ಟರ್ಡ್ ಪಾರ್ಸೆಲ್. ರಸೀದಿಗೆ ಸೀತಮ್ಮನ ಚೂಡಾಮಣಿ ಇಸ್ಕೊಂಡು ಬಂದ. ಹನುಮಂತನೇ ನಮ್ಮ ಇಲಾಖೆಯ ಮೊದಲನೇ ಪೋಸ್ಟ್‌ಮ್ಯಾನು" ಅಂದರು. ಅವರು ತಮಾಷೆ ಮಾಡಿದರೋ ನಿಜವಾಗಿ ನಂಬಿದ್ದರೋ ನನಗೆ ಇಂದಿಗೂ ಗೊತ್ತಿಲ್ಲ.

ಇನ್ನು ಕಿಂಡಿಗಳು. ಕಲ್ಲುಕುಟಿಗನಿಗೆ ಎರಡು ಕಿಂಡಿ ಬೇಕೆಂದು ಹೇಳಿದ್ದರಂತೆ. ಗುಡಿಯ ಕಡೆ ಹುಂಡಿಗೆ ಒಂದು, ಅಂಚೆಯ ಕಡೆ ಕಾಗದ ಹಾಕಲು ಒಂದು. ಅವನು ಎರಡು ಬೇರೆ ಬೇರೆ ನಕ್ಷೆಗೆ ತಲೆ ಕೆಡಿಸಿಕೊಳ್ಳದೆ ಒಂದೇ ಅಚ್ಚಿನಲ್ಲಿ ಎರಡು ಚಪ್ಪಡಿ ಕಡೆದು ಕೂರಿಸಿಬಿಟ್ಟ. ನಾಲ್ಕು ಬೆರಳಗಲದ ಸೀಳು, ಅದರ ನೆತ್ತಿಯ ಮೇಲೊಂದು ಅರಳಿದ ಕಮಲ. ಜಗಲಿಯ ನಡುವಿನ ಬಾಗಿಲಿಲ್ಲದ ಗೋಡೆಯಲ್ಲಿ, ಎಡಕ್ಕೊಂದು ಬಲಕ್ಕೊಂದು, ನಡುವೆ ಎರಡು ಮಾರು ಅಂತರ. ಮೊದಲ ಸಲ ಬಂದವರು ಅವೆರಡನ್ನೂ ನೋಡಿ ತಲೆ ಕೆರೆದುಕೊಳ್ಳುತ್ತಿದ್ದರು.

ಅದರಿಂದ ಆಗಬಾರದ್ದೆಲ್ಲ ಆಗುತ್ತಿತ್ತು. ಹರಕೆಯ ಚೀಟಿಗಳು ಅಂಚೆಗೆ ಬೀಳುತ್ತಿದ್ದವು. "ನಮ್ಮ ಎಮ್ಮೆ ಹೆಣ್ಣುಗರು ಹಾಕಿದರೆ ತುಪ್ಪದ ದೀಪ ಹಚ್ಚುತ್ತೇವೆ" ಎಂದು ಯಾರಿಂದಲೋ ಬರೆಸಿದ ಚೀಟಿ ರಾಯರ ಮೇಜಿಗೆ ಬರುವುದು. ಅದಕ್ಕೆ ಸ್ಟಾಂಪು ಇಲ್ಲ. ಸ್ಟಾಂಪಿಲ್ಲದ ಕಾಗದ ಬೇರಿಂಗ್, ಅಂದರೆ ಪಡೆಯುವವನು ಇಮ್ಮಡಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕು. ರಾಯರು ರೂಲು ಬಿಟ್ಟು ಹೆಜ್ಜೆ ಇಟ್ಟವರಲ್ಲ. ಬೆಳಿಗ್ಗೆ ಜಗಲಿಗೆ ಬಂದು, "ಪೂಜಾರಪ್ಪ, ಸ್ವಾಮಿಗೆ ಒಂದು ಬೇರಿಂಗ್ ಬಂದಿದೆ" ಎಂದು ಕೂಗುವರು. ಪೂಜಾರಪ್ಪ ಒಳಗಿನಿಂದಲೇ, "ಸ್ವಾಮಿ ತಗೊಳ್ಳಲ್ಲ ಅಂದ್ರು ಅಂತ ಬರ್ಕೊಳ್ಳಿ ರಾಯರೇ, ವಿಷಯ ಮಾತ್ರ ಒಂದ್ಸಲ ಓದಿ ಹೇಳ್ಬಿಡಿ" ಎನ್ನುವನು. ಹೀಗೆ ಎಷ್ಟೋ ಎಮ್ಮೆಗಳ ಹೆರಿಗೆ ರಾಯರ ಬಾಯಿಂದಲೇ ದೇವರಿಗೆ ಮುಟ್ಟಿತು.

ಆದರೆ ಕಾಗದ ಹುಂಡಿಗೆ ಬಿದ್ದರೆ ಕಥೆ ಬೇರೆ. ಹುಂಡಿಯ ಒಳಬಾಗಿಲಿಗೆ ಎರಡು ಬೀಗ. ಒಂದರ ಬೀಗದಕೈ ಪೂಜಾರಪ್ಪನ ಹತ್ತಿರ, ಇನ್ನೊಂದರದು ತಾಲ್ಲೂಕು ಕಚೇರಿಯಲ್ಲಿ. ವರ್ಷಕ್ಕೆ ಒಂದೇ ಸಲ, ಮಾರ್ಗಶಿರದ ಹನುಮಜಯಂತಿಗೆ ಸಾಹೇಬರು ಬಂದಾಗ ತೆಗೆಯುವುದು. ಆಗ ಸಿಕ್ಕ ಕಾಗದಗಳನ್ನು ರಾಯರು ಶ್ರದ್ಧೆಯಿಂದ ಮೊಹರು ಹೊಡೆದು ಕಳಿಸುವರು. ಸತ್ತವರ ಯೋಗಕ್ಷೇಮ ವಿಚಾರಿಸಿದ ಕಾಗದಗಳೂ ಹಾಗೆ ಹೋಗಿದ್ದುಂಟು. ನಮ್ಮೂರಲ್ಲಿ ಇವತ್ತು ನಾಳೆ ಎಂದು ಸತಾಯಿಸುವವನಿಗೆ, "ಅವನ ಮಾತು ಹುಂಡಿಗೆ ಬಿದ್ದ ಕಾಗದ" ಎಂದೇ ಹೇಳುತ್ತಿದ್ದದ್ದು.

ಈಗ ಜಯತ್ತೆಯ ವಿಷಯಕ್ಕೆ ಬರುತ್ತೇನೆ. ಜಯತ್ತೆ ಎಂದರೆ ನಮ್ಮಪ್ಪನ ಕೊನೆಯ ತಂಗಿ. ಆ ವರ್ಷ ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದಳು. ಊರಲ್ಲಿ ಅಷ್ಟು ಓದಿದ ಮೊದಲ ಹುಡುಗಿ. ಅವಳಿಗೆ ಬೆಂಗಳೂರಿನ ಟ್ರೈನಿಂಗ್ ಸ್ಕೂಲಿಗೆ ಸೇರಿ ಟೀಚರಾಗುವ ಆಸೆ. ನನ್ನನ್ನು ಕೂರಿಸಿಕೊಂಡು ಹಟ್ಟಿಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಪಾಠ ಮಾಡುವುದು, ಕರುಗಳ ಹಾಜರಿ ಕೂಗುವುದು, ಎಲ್ಲ ನಡೆಯುತ್ತಿತ್ತು. ಅಪ್ಪನ ಹತ್ತಿರ ಒಮ್ಮೆ ಬಾಯಿಬಿಟ್ಟು ಕೇಳಿದಳು. ಅಪ್ಪ, "ಓದಿದ್ದು ಸಾಕು ಬಿಡಮ್ಮ" ಅಂದರು. ಅಪ್ಪ ಕೆಟ್ಟವರಲ್ಲ. ಅಜ್ಜ ತೀರಿಕೊಂಡ ಮೇಲೆ ಮೂವರು ತಂಗಿಯರ ಭಾರ ಹೊತ್ತವರು, ಕೊನೆಯವಳನ್ನೂ ಒಂದು ದಡ ಸೇರಿಸಿಬಿಟ್ಟರೆ ಸಾಕೆಂದು ಇದ್ದವರು.

ದಡವೂ ಬಂತು. ಕುಣಿಗಲ್ ಆಚೆಯ ಒಳ್ಳೆಯ ಮನೆತನ, ನೀರಾವರಿ ಜಮೀನು. ಬಂದು ನೋಡಿ ಒಪ್ಪಿದರು. ಹುಡುಗನ ದೊಡ್ಡಪ್ಪ ಯಾವುದೋ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಬರಹದಲ್ಲಿಲ್ಲದ್ದು ಭೂಮಿಯ ಮೇಲೆ ಇಲ್ಲ ಎಂದು ನಂಬಿದವರು. ಹೊರಡುವಾಗ, "ಬಾಯಿಮಾತು ಬ್ಯಾಡಿ ಗೌಡ್ರೇ. ಒಪ್ಪಿಗೆ ಅಂತ ಬರವಣಿಗೇಲಿ ಬರ್ಲಿ. ಹುಣ್ಣಿಮೆಯೊಳಗೆ ಬರ್ಲಿಲ್ಲ ಅಂದ್ರೆ ಬ್ಯಾರೆ ಕಡೆ ನೋಡ್ತೀವಿ" ಅಂದರು. ಜಯತ್ತೆ ಆ ದಿನ ಕರುಗಳ ಹಾಜರಿ ಕೂಗಲಿಲ್ಲ.

ನನ್ನಜ್ಜಿ, ಅಂದರೆ ಅಪ್ಪನ ಅವ್ವ, ಮಗನ ಮಾತಿಗೆ ಎದುರು ಆಡಿದವಳಲ್ಲ. ಗಂಡ ಹೋದ ಮೇಲೆ ಮಗನೇ ಯಜಮಾನ. ಆದರೆ ಮಾರನೇ ದಿನ ನನ್ನನ್ನೂ ಜಯತ್ತೆಯನ್ನೂ ಕರೆದುಕೊಂಡು ಅಂಚೆಮನೆಗೆ ಹೋದಳು. ಒಳಗೆ ಅರಗಿನ ವಾಸನೆ, ಗೋಂದಿನ ವಾಸನೆ, ಗೋಣಿಚೀಲದ ವಾಸನೆ. ಎತ್ತರದ ಬೆಳಕಿಂಡಿಯಿಂದ ಬಿದ್ದ ಬಿಸಿಲು ಸರಿಯಾಗಿ ರಾಯರ ಮೇಜಿನ ಮೇಲೆ ಕೂತಿತ್ತು. ಟ್ರೈನಿಂಗ್ ಸ್ಕೂಲಿನ ಅರ್ಜಿಯನ್ನು ರಾಯರೇ ತರಿಸಿಕೊಟ್ಟಿದ್ದರು. ಪೋಷಕರ ಸಹಿ ಎಂಬಲ್ಲಿ ಅಜ್ಜಿ ಹೆಬ್ಬೆರಳು ಚಾಚಿದಳು. ರಾಯರು ಮೊಹರಿನ ಮಸಿ ಹಚ್ಚಿ ಒತ್ತಿಸಿ, ಪಕ್ಕದಲ್ಲಿ "ತಾಯಿ" ಎಂದು ಬರೆದರು.

"ಹಂಗೇ ನೀವೇ ಚೀಲಕ್ಕೆ ಹಾಕ್ಕೊಳ್ರಪ್ಪ" ಎಂದಳು ಅಜ್ಜಿ.

"ಮಾಮೂಲಿ ಕಾಗದ ಕೈಯಲ್ಲಿ ತಗೊಳ್ಳೋ ಹಾಗಿಲ್ಲಮ್ಮ. ಕಿಂಡಿ ಇರೋದು ಯಾಕೆ? ರೂಲು" ಎಂದರು ರಾಯರು.

ಶನಿವಾರ ಬಂತು. ನಮ್ಮಲ್ಲಿ ಶುಭದ ಕಾಗದಕ್ಕೆ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ದೇವರ ಪಾದಕ್ಕೆ ಮುಟ್ಟಿಸಿ ಆಮೇಲೆ ಅಂಚೆಗೆ ಹಾಕುವುದು ಪದ್ಧತಿ. ಅಪ್ಪ ಒಪ್ಪಿಗೆಯ ಕಾಗದ ಬರೆದು ಲಕೋಟೆಗೆ ಹಾಕಿ ಅಜ್ಜಿಯ ಕೈಗೆ ಕೊಟ್ಟರು. ಅಜ್ಜಿಯ ಮಡಿಲಲ್ಲಿ ಆಗಲೇ ಜಯತ್ತೆಯ ಅರ್ಜಿ ಇತ್ತು. ಅಜ್ಜಿಗೆ ಕಣ್ಣಲ್ಲಿ ಪೊರೆ ಬಂದಿದ್ದರಿಂದ ನಾನು ಅವಳ ಕನ್ನಡಕ. ಆ ಹುದ್ದೆಯ ಬಗ್ಗೆ ನನಗೆ ಬಹಳ ಜಂಬ.

ಪೂಜೆ ಮುಗಿಸಿ ಜಗಲಿಗೆ ಬಂದೆವು. "ಯಾವುದು ಯಾವುದವ್ವ?" ಎಂದಳು ಅಜ್ಜಿ. "ಉದ್ದಂದು ಅತ್ತೇದು, ಗಿಡ್ಡಂದು ಅಪ್ಪಂದು" ಎಂದೆ. ಅಜ್ಜಿ ಎಡಗಡೆಯ ಕಮಲವನ್ನು ಸವರಿ ಉದ್ದನೆಯದನ್ನು ಹಾಕಿದಳು. ನಾನು ಅಷ್ಟರಲ್ಲಿ ಪ್ರಸಾದದ ಬಾಳೆಹಣ್ಣು ಸುಲಿಯುತ್ತಿದ್ದೆ. ತಲೆ ಎತ್ತಿ ನೋಡುವಾಗ ಅಜ್ಜಿ ಬಲಗಡೆಯ ಕಮಲದ ಮುಂದೆ ನಿಂತಿದ್ದಳು, ಗಿಡ್ಡ ಲಕೋಟೆಯ ತುದಿ ಮಾತ್ರ ಹೊರಗೆ ಕಾಣುತ್ತಿತ್ತು.

"ಅಜ್ಜೀ, ಅದು ಹುಂಡಿ!" ಎಂದು ಕಿರುಚುವಷ್ಟರಲ್ಲಿ ಅದೂ ಕಾಣದಾಯಿತು.

"ಅಯ್ಯೋ ಶಿವನೇ, ಹುಂಡಿಯಾ? ಕಣ್ಣು ಕಾಣಾಕಿಲ್ಲ ನೋಡವ್ವ" ಎಂದಳು ಅಜ್ಜಿ. ಆಮೇಲೆ ನನ್ನ ತಲೆ ಸವರಿ, "ಯಾರ್ಗೂ ಹೇಳಬ್ಯಾಡ" ಎಂದಳು.

ನಾನು ಹೇಳಲಿಲ್ಲ. ಆದರೆ ಮೂರು ವಾರ ಬಾಳೆಹಣ್ಣು ತಿನ್ನಲಿಲ್ಲ. ಕನ್ನಡಕವಾಗಿದ್ದವಳು ಹಣ್ಣಿನ ಆಸೆಗೆ ಮನೆಯ ಮರ್ಯಾದೆ ಹುಂಡಿಗೆ ಬೀಳುವ ಹಾಗೆ ಮಾಡಿದೆನಲ್ಲ ಎಂದು ಒಳಗೊಳಗೇ ಸಾಯುತ್ತಿದ್ದೆ. ಹುಣ್ಣಿಮೆ ಬಂತು, ಹೋಯಿತು. ಕುಣಿಗಲ್ ಕಡೆಯವರು ಉತ್ತರ ಬರಲಿಲ್ಲವೆಂದು ಬೇರೆ ಹೆಣ್ಣು ಗೊತ್ತು ಮಾಡಿಕೊಂಡರು ಎಂಬ ಸುದ್ದಿ ಸಂತೆಯಲ್ಲಿ ಅಪ್ಪನ ಕಿವಿಗೆ ಬಿತ್ತು.

ಅಪ್ಪ ನೆಟ್ಟಗೆ ಅಂಚೆಮನೆಗೆ ನುಗ್ಗಿದರು. ನಾನು ಹಿಂದೆಯೇ ಓಡಿದೆ. "ಏನ್ ರಾಯರೇ, ನನ್ನ ಕಾಗದ ಎಲ್ಲಿ ತಿಂದಾಕಿದ್ರಿ? ತಂಗಿ ಮದುವೆ ಕೆಟ್ಟೋಯ್ತು ನಿಮ್ಮಿಂದ!" ಎಂದು ಜಗಲಿಯೆಲ್ಲ ಕೇಳುವ ಹಾಗೆ ಕೂಗಿದರು. ರಾಯರ ಮುಖ ಬಿಳಿಚಿಕೊಂಡಿತು. ಹದಿನಾರು ವರ್ಷದಲ್ಲಿ ಒಂದು ಕಾರ್ಡನ್ನೂ ಕಳೆಯದ ಮನುಷ್ಯ. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು. ಮೊಟ್ಟೆಯೂ ನೆನಪಿರಲಿಲ್ಲ, ಮಡಿಯೂ ನೆನಪಿರಲಿಲ್ಲ. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಅಪ್ಪ, ರಾಯರು ಕಳೀಲಿಲ್ಲ. ಅಜ್ಜಿಗೆ ಕಣ್ಣು ಕಾಣದೆ ಹುಂಡಿಗೆ ಹಾಕ್ಬಿಟ್ಳು. ನಾನು ಬಾಳೆಹಣ್ಣು ತಿಂತಿದ್ದೆ" ಎಂದು ಗೊಳೋ ಎಂದು ಅತ್ತೆ.

ಪೂಜಾರಪ್ಪ ಆರತಿ ತಟ್ಟೆ ಕೈಯಲ್ಲೇ ಹಿಡಿದು ಹೊರಗೆ ಬಂದ. "ಹುಂಡಿಗೆ ಬಿತ್ತಾ ಗೌಡ್ರೇ? ಬಿದ್ದ ಮ್ಯಾಲೆ ಅದು ಸ್ವಾಮೀದು. ಹೆಣ್ಣನ್ನ ಆ ಮನೆಗೆ ಕಳಿಸಾಕೆ ಸ್ವಾಮಿ ಒಪ್ಪಲಿಲ್ಲ ಅಂತ್ಲೇ ತಿಳ್ಕೊಳ್ಳಿ" ಎಂದ. ಅಪ್ಪ ಹೆಗಲ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಆಮೇಲೆ ರಾಯರಿಗೆ ಕೈ ಮುಗಿದು, "ತಪ್ಪು ತಿಳೀಬ್ಯಾಡಿ" ಎಂದು ಹೊರಟರು.

ಅದೇ ವಾರ ಟ್ರೈನಿಂಗ್ ಸ್ಕೂಲಿನಿಂದ ಜಯತ್ತೆಗೆ ಸೀಟು ಸಿಕ್ಕ ಕಾಗದ ಬಂತು. ಅಪ್ಪ ಅದನ್ನು ಹಿಂದೆ ಮುಂದೆ ತಿರುಗಿಸಿದರು. "ಇದ್ಯಾವಾಗ ಹೋಯ್ತು?" ಎಂದರು. "ಅದೇ ಶನಿವಾರ, ಎಡಗಡೆ ಕಿಂಡೀಲಿ" ಎಂದೆ ನಾನು. ಅಪ್ಪ ಅಜ್ಜಿಯ ಕಡೆ ನೋಡಿದರು. ಅಜ್ಜಿ ಹಲಸಿನ ಬೀಜ ಸುಲಿಯುತ್ತಲೇ ಇದ್ದಳು. ಒಂದು ಕಾಗದ ದೇವರು ತಡೆದ, ಒಂದನ್ನು ಬಿಟ್ಟ, ಎಂದು ಅಪ್ಪ ತಮಗೆ ತಾವೇ ಹೇಳಿಕೊಂಡಂತೆ ಕಂಡಿತು. ಎಂಟನೇ ದಿನ ಜಯತ್ತೆಯ ಟ್ರಂಕು ಗಾಡಿ ಏರಿತು. ಕೆಂಗೇರಿ ಸ್ಟೇಷನ್ನಿನಲ್ಲಿ ರೈಲು ಬರುವ ತನಕ ಅವಳು ನನ್ನ ಕೈ ಬಿಡಲಿಲ್ಲ. ಅವಳ ಮುಖ ನಗುತ್ತಿತ್ತು. ನನಗೆ ಆ ದಿನದಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಲಿಲ್ಲ.

ಆ ಸಂತೋಷದಲ್ಲೇ ನಾನು ಅಜ್ಜಿಯ ಹತ್ತಿರ ತಪ್ಪೊಪ್ಪಿಕೊಂಡೆ. ರಾಗಿ ಬೀಸುತ್ತಿದ್ದವಳ ಪಕ್ಕ ಕೂತು, "ನಾನು ಸರಿಯಾಗಿ ನೋಡ್ಕೊಂಡಿದ್ರೆ ನೀನು ಹುಂಡಿಗೆ ಹಾಕ್ತಿರಲಿಲ್ಲ ಅಲ್ವಾ ಅಜ್ಜಿ?" ಎಂದೆ.

ಅಜ್ಜಿ ಬೀಸುವುದನ್ನು ನಿಲ್ಲಿಸಿದಳು. "ಮದುವೆಯಾಗಿ ಬಂದಾಗಿಂದ ಶನಿವಾರ ಶನಿವಾರ ಆ ಹುಂಡಿಗೆ ಕಾಸು ಹಾಕಿವ್ನಿ. ಎಡ ಯಾವುದು ಬಲ ಯಾವುದು ನಂಗೆ ಗೊತ್ತಾಗಾಕಿಲ್ವಾ?" ಎಂದಳು. ಮತ್ತೆ ಬೀಸತೊಡಗಿದಳು.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಾರ್ಗಶಿರ ಬಾರದೆ ಇರುತ್ತದೆಯೇ? ಹನುಮಜಯಂತಿಗೆ ಸಾಹೇಬರು ಬಂದರು, ಹುಂಡಿ ತೆಗೆದರು, ಕಾಸಿನ ನಡುವಿನಿಂದ ಅಪ್ಪನ ಲಕೋಟೆಯೂ ಎದ್ದು ಬಂತು. ಎಣ್ಣೆಯ ಕಲೆ ಬಿಟ್ಟರೆ ಲಕ್ಷಣವಾಗಿಯೇ ಇತ್ತು. ಪೂಜಾರಪ್ಪ ಅದನ್ನು ರಾಯರಿಗೆ ದಾಟಿಸಿದ. ಸ್ಟಾಂಪು ಇದೆ, ವಿಳಾಸ ಇದೆ. ರೂಲಿನ ಪ್ರಕಾರ ಕುಣಿಗಲ್‌ಗೆ ಹೋಗಲೇಬೇಕು. ಆ ಮನೆಯಲ್ಲಿ ಹುಡುಗನ ತಮ್ಮನೊಬ್ಬ ಇನ್ನೂ ಮದುವೆಗಿದ್ದ. ಬರಹ ನಂಬುವ ಆ ದೊಡ್ಡಪ್ಪನ ಕೈಗೆ ಅಪ್ಪನ ಒಪ್ಪಿಗೆ ಸಿಕ್ಕರೆ, ತಮ್ಮನಿಗಾದರೂ ಕೊಡಿ ಎಂದು ಬಂದು ಕೂತರೆ, ಅಪ್ಪ ತಮ್ಮದೇ ಬರಹಕ್ಕೆ ಇಲ್ಲವೆನ್ನುವವರಲ್ಲ. ಜಯತ್ತೆಯ ಟ್ರೈನಿಂಗು ಅರ್ಧವೂ ಆಗಿರಲಿಲ್ಲ.

ಅಜ್ಜಿ ನನ್ನ ಭುಜ ಹಿಡಿದು ರಾಯರ ಜಾಲರಿಯ ಮುಂದೆ ಬಂದು ನಿಂತಳು. ರಾಯರು ಲಕೋಟೆಯನ್ನು ಬೆಳಕಿಂಡಿಯ ಬಿಸಿಲಿಗೆ ಹಿಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಎಣ್ಣೆ ಕುಡಿದುಬಿಟ್ಟಿದೆ. ವಿಳಾಸ ಓದೋಕಾಗ್ತಾ ಇಲ್ವಲ್ಲ" ಎಂದರು.

ಜಾಲರಿಯ ಈಚೆಯಿಂದ ನನಗೆ ಅಪ್ಪನ ದುಂಡು ಅಕ್ಷರ ಒಂದೊಂದೂ ಕಾಣುತ್ತಿತ್ತು. ಕುಣಿಗಲ್ಲಿನ ಣಿ ಒತ್ತಿ ಬರೆದದ್ದು ಕೂಡ.

ರಾಯರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನಿನಗೇನಾದ್ರೂ ಕಾಣತ್ತೇನಮ್ಮ?"

"ಇಲ್ಲ ರಾಯರೇ" ಎಂದೆ.

ರಾಯರು ಕೆಂಪು ಶಾಯಿಯಲ್ಲಿ "ವಿಳಾಸ ಸ್ಪಷ್ಟವಿಲ್ಲ, ಕಳಿಸಿದವರಿಗೆ ವಾಪಸ್" ಎಂದು ಬರೆದು ಮೊಹರು ಹೊಡೆದರು. ಕಳಿಸಿದವರ ಹೆಸರು ಅದೇ ಎಣ್ಣೆಯಲ್ಲಿ ಅವರಿಗೆ ಹೇಗೆ ಕಂಡಿತು ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಲಕೋಟೆ ಮನೆಗೆ ಬಂತು. ಅಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದವರು ಕೈ ಒರೆಸಿಕೊಂಡು ತೆಗೆದುಕೊಂಡರು. ಕೆಂಪು ಶಾಯಿಯನ್ನು ಓದಿದರು. ಅದರ ಪಕ್ಕದಲ್ಲೇ ಇದ್ದ ತಮ್ಮ ಅಕ್ಷರವನ್ನೂ ಓದಿದರು, ಒಂದಕ್ಷರವೂ ಅಳಿಸಿರಲಿಲ್ಲ. ತಲೆ ಎತ್ತಿ ನನ್ನನ್ನು ನೋಡಿದರು, ಅಜ್ಜಿಯನ್ನು ನೋಡಿದರು. ಈಗ ಬೈಗುಳ ಬೀಳುತ್ತದೆ ಎಂದು ನಾನು ಕಂಬದ ಹಿಂದೆ ಸರಿದೆ. ಅಪ್ಪ ಬೈಯಲಿಲ್ಲ. ಲಕೋಟೆ ಒಡೆದು ಕಾಗದ ಹೊರಗೆ ತೆಗೆದರು. ಒಪ್ಪಿಗೆಯ ನಾಲ್ಕು ಸಾಲಿನ ಕೆಳಗೆ ಮುಕ್ಕಾಲು ಹಾಳೆ ಖಾಲಿಯಿತ್ತು. ಆ ಖಾಲಿ ಭಾಗವನ್ನು ನೀಟಾಗಿ ಹರಿದು, ಜಗಲಿಯಲ್ಲಿ ಕೂತು, ಬೆಂಗಳೂರಿನಲ್ಲಿದ್ದ ತಂಗಿಗೆ ಅವಳು ಹೋದ ಮೇಲೆ ಮೊದಲನೆಯ ಕಾಗದ ಬರೆದರು. ಬರೆಯುತ್ತಾ ಬರೆಯುತ್ತಾ ಎರಡು ಸಲ ಕಣ್ಣೊರೆಸಿಕೊಂಡರು. ಏನು ಬರೆದರೆಂದು ಮುಂದೆ ಜಯತ್ತೆಯೇ ತೋರಿಸಿದಳು: ಮನೆಯ ಚಿಂತೆ ಬೇಡ, ಮನಸ್ಸಿಟ್ಟು ಓದು, ಪಾಸಾಗಿಯೇ ಬಾ.

ಹೊಸ ಲಕೋಟೆಗೆ ಹಾಕಿ ಅಂಟಿಸಿ, ಮೇಲುವಸ್ತ್ರ ಹೆಗಲಿಗೆ ಹಾಕಿಕೊಂಡು ಹೊರಟವರು ಬಾಗಿಲಲ್ಲಿ ನಿಂತರು.

"ಅವ್ವ, ಜಯಾಗೆ ಕಾಗದ ಬರ್ದಿವ್ನಿ. ಯಾವ ಕಿಂಡಿಗೆ ಹಾಕ್ಲಿ, ನೀನೇ ಹೇಳ್ಬಿಡು."

ಅಜ್ಜಿ ಮೊರ ಕೆಳಗಿಟ್ಟಳು. ಪೊರೆ ಬಂದ ಆ ಕಣ್ಣುಗಳು ಅಪ್ಪನ ಮುಖವನ್ನೇ ನೆಟ್ಟು ನೋಡಿದವು.

"ಕಿಂಡಿ ಬ್ಯಾಡ ಕಣಪ್ಪ. ರಾಯರ ಕೈಗೇ ಕೊಡು. ರೂಲು ಅಂದ್ರೆ, ನಮ್ಮವ್ವ ಹೇಳವ್ಳೆ ಅನ್ನು."